ಎಡಗಾಲಿನ ಕಟ್ಟು

ನಾನು ಹುಟ್ಟಿದ್ದೇ ಎಡಗಾಲಿಗಾಗಿ. ಬಲಗಾಲಿನ ಕಷ್ಟಸುಖ ನನಗೆ ಗೊತ್ತಿಲ್ಲ.

ನಾನೊಂದು ಮಂಡಿಕಟ್ಟು. ಆಸ್ಪತ್ರೆಯವರೂ ಆಟಗಾರರೂ ಇಂಗ್ಲಿಷಿನಲ್ಲಿ 'ನೀ-ಬ್ರೇಸ್' ಎನ್ನುತ್ತಾರೆ. ಒಳಗೆ ಮೆತ್ತನೆಯ ಸ್ಪಂಜು, ಹೊರಗೆ ದಪ್ಪ ಕಪ್ಪು ಬಟ್ಟೆ, ಎರಡೂ ಬದಿಗೆ ಅಲ್ಯೂಮಿನಿಯಂ ಸರಳು, ಸರಳಿನ ನಡುವೆ ಬಾಗಿಲಿಗಿರುವಂಥ ಕೀಲು, ಮೇಲೆರಡು ಕೆಳಗೆರಡು ಅಂಟುಪಟ್ಟಿ. ಮಂಡಿ ಹಿಂದೆ ಮುಂದೆ ಮಡಚಬೇಕು, ಪಕ್ಕಕ್ಕೆ ಹೊರಳಬಾರದು. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬೇರೆ ವಿದ್ಯೆ ನನಗೆ ಬಾರದು.

ಪೋಲೆಂಡ್ ದೇಶದ ಒಂದು ಕಾರ್ಖಾನೆಯಲ್ಲಿ ನನ್ನನ್ನು ಹೊಲಿದರು. ಚಿಕ್ಕದು, ಮಧ್ಯಮ, ದೊಡ್ಡದು ಎಂದು ಸಾವಿರಗಟ್ಟಲೆ ಹೊಲಿದ ಮೇಲೆ, ಅತಿ ದೊಡ್ಡ ಅಳತೆಯವನ್ನು ಹತ್ತೋ ಹನ್ನೆರಡೋ ಹೊಲಿಯುತ್ತಿದ್ದರು. ನಾನು ಆ ಹನ್ನೆರಡರಲ್ಲಿ ಒಂದು. ಕೀಲು ಕೂರಿಸುವ ಹೆಂಗಸು ನನ್ನನ್ನು ಎತ್ತಿ ತನ್ನ ಕಾಲಿಗೆ ಹಿಡಿದು ನೋಡಿದಳು. ಅವಳ ಎರಡು ಕಾಲೂ ಒಟ್ಟಿಗೆ ನನ್ನೊಳಗೆ ಹಿಡಿಸುತ್ತಿದ್ದವು. ಪಕ್ಕದವಳಿಗೆ ಏನೋ ಹೇಳಿ ನಕ್ಕು, ನನ್ನನ್ನು ಪೆಟ್ಟಿಗೆಗೆ ಹಾಕಿದಳು. ಅಲ್ಲಿಂದ ನನ್ನನ್ನು ಫಿನ್‌ಲೆಂಡಿನ ಒಂದು ಔಷಧಿ ಅಂಗಡಿಗೆ ಕಳಿಸಿದರು. ಎರಡು ವರ್ಷ ಯಾರೂ ಕೇಳಲಿಲ್ಲ. ನನ್ನ ಪಕ್ಕದವು ಬಂದವು, ಹೋದವು. ನಾನು ಮೇಲಿನ ಹಲಗೆಯಲ್ಲಿ ದೂಳು ತಿನ್ನುತ್ತ ಕೂತೆ.

ಮೂರನೆಯ ಚಳಿಗಾಲದಲ್ಲಿ ಐರಾ ಎಂಬ ಮುದುಕಿ ಬಂದು ನನ್ನನ್ನು ಇಳಿಸಿಕೊಂಡಳು. ಆ ಊರಿನ ಬ್ಯಾಸ್ಕೆಟ್‌ಬಾಲ್ ತಂಡದ ಆಟಗಾರರ ಕೈಕಾಲು ನೋಡಿಕೊಳ್ಳುವವಳು ಅವಳು. ಸಂಜೆಯ ಹೊತ್ತಿಗೆ ನಾನು ವೆಂಡೆಲ್ ಟಿಬ್ಸ್‌ನ ಎಡಮಂಡಿಯ ಮೇಲಿದ್ದೆ.

ವೆಂಡೆಲ್ ಅಮೆರಿಕದವನು. ಟೊಲೀಡೊ ಎಂಬ ಊರು. ಆಗ ಇಪ್ಪತ್ತಮೂರು ವರ್ಷ, ಎತ್ತರ ಆರು ಅಡಿ ಒಂಬತ್ತು ಅಂಗುಲ. ತಾಯಿ ಶಾಲೆಯ ಬಸ್ಸು ಓಡಿಸುತ್ತಿದ್ದಳು. ಕಾಲೇಜಿನಲ್ಲಿ ಅವನೇ ರಾಜ. ಅವನ ದೇಶದ ದೊಡ್ಡ ಲೀಗಿನವರು ವರ್ಷಕ್ಕೊಮ್ಮೆ ಹೊಸಬರ ಅರವತ್ತು ಹೆಸರು ಕರೆಯುತ್ತಾರೆ. ಅದು ಟೀವಿಯಲ್ಲಿ ಬರುತ್ತದೆ. ಆ ದಿನ ಅವನ ಮನೆಯಲ್ಲಿ ನಲವತ್ತು ಜನ ಸೇರಿದ್ದರಂತೆ. ಕೋಳಿ ಹುರಿದಿದ್ದರಂತೆ. ಅರವತ್ತು ಹೆಸರೂ ಮುಗಿದವು. ಅವನ ಹೆಸರು ಬರಲಿಲ್ಲ. ಯಾರೋ ಎದ್ದು ಟೀವಿ ಆರಿಸಿದರು. ಯಾರೆಂದು ಅವನು ಕಡೆಯವರೆಗೂ ಹೇಳಲಿಲ್ಲ.

ಊರಲ್ಲಿ ಕೆಲಸ ಸಿಗದವನು ವಿಮಾನ ಹತ್ತುವುದು ನಿಮ್ಮ ಕಡೆಯ ಕಥೆ ಮಾತ್ರವೆಂದು ತಿಳಿಯಬೇಡಿ. ಅಮೆರಿಕದಿಂದಲೂ ವರ್ಷಾ ವರ್ಷ ಹಾಗೆ ನೂರಾರು ಎತ್ತರದ ಹುಡುಗರು ಹೊರಡುತ್ತಾರೆ. ಹೆಸರು ಕೇಳದ ಊರುಗಳಿಗೆ ಹೋಗಿ ಆಡುತ್ತಾರೆ. ಒಂದು ತಂಡಕ್ಕೆ ಇಬ್ಬರೇ ಹೊರದೇಶದವರು, ಹೆಚ್ಚೆಂದರೆ ಮೂವರು. ಸ್ಥಳೀಯನು ಕೆಟ್ಟದಾಗಿ ಆಡಿದರೆ ಅಭ್ಯಾಸ ಸಾಲದು ಎನ್ನುತ್ತಾರೆ. ಹೊರಗಿನವನು ಕೆಟ್ಟದಾಗಿ ಆಡಿದರೆ ಊರಿಗೆ ಟಿಕೆಟ್ ತೆಗೆಯುತ್ತಾರೆ.

ವೆಂಡೆಲ್ ಆ ಊರಿಗೆ ಬಂದ ಎರಡನೆಯ ತಿಂಗಳಲ್ಲೇ ಹಾರಿ ಇಳಿಯುವಾಗ ಇನ್ನೊಬ್ಬನ ಪಾದದ ಮೇಲೆ ಇಳಿದಿದ್ದ. ಮಂಡಿಯೊಳಗೆ ಎಲುಬಿಗೆ ಎಲುಬು ಬಿಗಿಯುವ ಒಂದು ಲಿಗಮೆಂಟ್ ಅರ್ಧ ಹರಿದಿತ್ತು. ಉಳಿದರ್ಧವನ್ನು ಕಾಯಲು ನನ್ನನ್ನು ತಂದಿದ್ದರು. ನಾನು ಕಾದೆ. ಆ ವರ್ಷ ಅವನು ಪ್ರತಿ ಪಂದ್ಯವನ್ನೂ ನನ್ನನ್ನು ಕಟ್ಟಿಕೊಂಡೇ ಆಡಿದ. ಅವನು ಹಾರುವಾಗ ನಾನೂ ಹಾರುತ್ತಿದ್ದೆ. ಇಳಿಯುವಾಗ ಆ ಭಾರವೆಲ್ಲ ನನ್ನ ಎರಡು ಸರಳಿನ ಮೇಲೆ. ಮರದ ನೆಲ, ಕಾಫಿಯ ವಾಸನೆ, ಮುಂದಿನ ಸಾಲಿನಲ್ಲಿ ಹೆಣಿಗೆ ಹೆಣೆಯುತ್ತ ಕೂಗುವ ಮುದುಕಿಯರು. ನನ್ನ ಬದುಕಿನ ಒಳ್ಳೆಯ ಕಾಲ ಅದು. ಒಂದು ವಸ್ತುವಿಗೆ ಬೇಕಾದದ್ದು ಮತ್ತೇನು?

ವಸಂತದಲ್ಲಿ ಏಜೆಂಟ್ ಫೋನ್ ಮಾಡಿದ. ಅವನು ಆಟಗಾರರನ್ನು ಕ್ಲಬ್ಬುಗಳಿಗೆ ಮಾರುವವನು. ಮಾರುವುದು ಹತ್ತು ನಿಮಿಷದ ವಿಡಿಯೊ ತೋರಿಸಿ. ವೆಂಡೆಲ್ ಮಂಚದ ಮೇಲೆ ಕೂತಿದ್ದ, ನಾನು ಅವನ ಕಾಲ ಮೇಲೆ. ಏಜೆಂಟನ ದನಿ ನನಗೂ ಕೇಳಿಸಿತು.

"ಆಟ ಚೆನ್ನಾಗಿದೆ ವೆಂಡೆಲ್. ಆದರೆ ಆ ಕರಿ ಕಟ್ಟು ಇದೆಯಲ್ಲ, ಅದು ಎಲ್ಲದಕ್ಕಿಂತ ಮೊದಲು ಕಣ್ಣಿಗೆ ಹೊಡೆಯುತ್ತೆ. ಸ್ಪೇನಿನವರು ಅದನ್ನೇ ಕೇಳಿದರು. ಇಟಲಿಯವರೂ ಅದನ್ನೇ ಕೇಳಿದರು. ಕಟ್ಟು ಹಾಕಿದ ಕಾಲನ್ನು ಯಾರೂ ಕೊಳ್ಳಲ್ಲ ಮಾರಾಯ."

ವೆಂಡೆಲ್ ಒಂದೊಂದೇ ಪಟ್ಟಿ ಬಿಚ್ಚಿ ನನ್ನನ್ನು ಪಕ್ಕಕ್ಕಿಟ್ಟ. ಅಂದಿನಿಂದ ಒಂದು ನಿಯಮ ಹುಟ್ಟಿತು. ಅಭ್ಯಾಸಕ್ಕೆ ನಾನು ಬೇಕು. ಅಲ್ಲಿ ಯಾರೂ ವಿಡಿಯೊ ತೆಗೆಯುವುದಿಲ್ಲ. ಪಂದ್ಯಕ್ಕೆ ನಾನು ಬೇಡ, ಕ್ಯಾಮೆರಾ ಇರುತ್ತದೆ. ಕೊಡೆಯನ್ನು ಮಳೆಯಿಲ್ಲದಾಗ ಬಿಚ್ಚಿ, ಮಳೆ ಬಂದಾಗ ಮಡಚಿ ಕಂಕುಳಲ್ಲಿಟ್ಟುಕೊಂಡು ನಡೆದ ಹಾಗೆ. ಈ ತಪ್ಪನ್ನು ರೈತ ಮಾಡುವುದಿಲ್ಲ, ಕೂಲಿಯವನು ಮಾಡುವುದಿಲ್ಲ. ತನ್ನ ದೇಹವನ್ನು ವಿಡಿಯೊದಲ್ಲಿ ಮಾರಬೇಕಾದವನು ಮಾತ್ರ ಮಾಡುತ್ತಾನೆ.

ಆರು ವರ್ಷ ಹೀಗೆ ಕಳೆಯಿತು. ಉರುಗ್ವೆಯಲ್ಲಿ ಒಂದು ವರ್ಷ. ಆಮೇಲೆ ಒಂದು ದ್ವೀಪದೇಶ. ಅಲ್ಲಿ ಹೊರಗಿನವರಿಗೆ ಎತ್ತರದ ಮಿತಿ ಇತ್ತು. ಮಿತಿ ಮೀರಿದರೆ ಆಡುವಂತಿಲ್ಲ. ಕಾಲೇಜಿನಲ್ಲಿದ್ದಾಗ ಅಂಗುಲ ಕೂಡಿಸಿ ಹೇಳಿದವನು, ಅಲ್ಲಿ ಅಳತೆಪಟ್ಟಿಯ ಕೆಳಗೆ ಸಡಿಲ ಚಡ್ಡಿಯೊಳಗೆ ಮಂಡಿ ಬಾಗಿಸಿ ಗಿಡ್ಡನಾದ. ಅಳೆಯುವವನಿಗೂ ಗೊತ್ತಿತ್ತು. ಅವನು ನಕ್ಕು ಬರೆದುಕೊಂಡ. ಎರಡೇ ತಿಂಗಳಲ್ಲಿ ಅಲ್ಲಿಂದ ಕಳಿಸಿದರು. ಮತ್ತೆ ಟೊಲೀಡೊ, ಮತ್ತೆ ಫೋನಿಗೆ ಕಾಯುವುದು, ಮತ್ತೆ ಯಾವುದೋ ದೇಶ. ಪ್ರತಿ ಊರಿನಲ್ಲೂ ಮಂಚ ಗಿಡ್ಡ. ಪ್ರತಿ ಊರಿನಲ್ಲೂ ಕಾಲ ಕೆಳಗೆ ಕುರ್ಚಿ ಇಟ್ಟುಕೊಂಡು ಮಲಗುತ್ತಿದ್ದ. ಪ್ರತಿ ಪಂದ್ಯದಲ್ಲೂ ನಾನು ಚೀಲದ ತಳದಲ್ಲಿ, ಒದ್ದೆ ಟವೆಲ್ಲಿನ ಕೆಳಗೆ.

ಇಪ್ಪತ್ತೊಂಬತ್ತು ತುಂಬಿದಾಗ ಕೊಲ್ಲಿಯ ಒಂದು ಚಿಕ್ಕ ದೇಶದ ಕ್ಲಬ್ಬು ಅವನನ್ನು ಕರೆಯಿತು. ಕ್ಲಬ್ಬಿನ ಹೆಸರು ಬೇಡ. ನನ್ನ ಕಥೆ ನಿಜವಾಗಿ ನಡೆದದ್ದು ಅಲ್ಲಿ. ನನಗೆ ಕನ್ನಡ ಬಂದದ್ದೂ ಅಲ್ಲೇ.

ಆ ಕ್ಲಬ್ಬಿನಲ್ಲಿ ಆಟಗಾರರ ಮೈಕೈ ತಿಕ್ಕುವವನು ಸುರತ್ಕಲ್ಲಿನ ಸಂಜೀವ ಕಾಂಚನ್. ನಲವತ್ತು ದಾಟಿದವನು. ಮೀನುಗಾರರ ಮನೆಯವನಾದರೂ ಕಡಲಿಗೆ ಇಳಿಯದೆ ವಾಲಿಬಾಲ್ ಹುಡುಗರ ಕಾಲು ತಿಕ್ಕುತ್ತ ಬೆಳೆದು, ಆ ಕೈಯನ್ನೇ ನಂಬಿ ಇಲ್ಲಿಗೆ ಬಂದವನು. ಕ್ಲಬ್ಬಿನ ವ್ಯಾನು ಓಡಿಸುವವನು ಗದಗಿನ ಮೌಲಾಸಾಬ. ಇಬ್ಬರ ಮನೆಮಾತೂ ಬೇರೆ; ನಡುವೆ ಸಿಕ್ಕಿದ್ದು ಕನ್ನಡ.

ವಿಮಾನ ನಿಲ್ದಾಣದಿಂದ ವೆಂಡೆಲ್‌ನನ್ನು ಕರೆತಂದ ದಿನ ಮೌಲಾಸಾಬ ಬಾಗಿಲಲ್ಲೇ ನಿಂತು ಹೇಳಿದ: "ಸಂಜೀವಣ್ಣಾ, ಇದೇನ್ ಮನಷ್ಯಾನೋ ಏನ್ ಕರೆಂಟ್ ಕಂಬನೋ? ಮುಂದಿನ ಸೀಟ್ನಾಗ ಕುಂತಾ, ಮೊಳಕಾಲ ಬಂದು ಗೇರಿಗೆ ಬಡದ್ವು ನೋಡ್ಪಾ. ಎರಡನೇ ಗೇರ್ ಹಾಕಾಕ ಅವನ್ನ ಕೇಳಿ ಹಾಕಬೇಕಾತು."

"ತೆಂಗಿನ ಮರಕ್ಕೆ ಚಡ್ಡಿ ಹಾಕಿದ ಹಾಗೆ ಉಂಟು ಮಾರಾಯ್ರೆ," ಎಂದ ಸಂಜೀವ. ಆಮೇಲೆ ವೆಂಡೆಲ್‌ನನ್ನು ಮೇಜಿನ ಮೇಲೆ ಮಲಗಿಸಿ ಎಡಮಂಡಿಯ ಮೇಲೆ ಎರಡು ಹೆಬ್ಬೆರಳಿಟ್ಟ. ನಗು ನಿಂತಿತು. "ಇದು ಒಳಗೆ ಸರಿ ಇಲ್ಲ ಸಾಬ್ರೆ."

"ಡಾಕ್ಟರ್ ಪಾಸ್ ಮಾಡ್ಯಾನಲ್ಲ?"

"ಡಾಕ್ಟ್ರು ಕಾಗದ ನೋಡಿದ್ದು. ನಾನು ಕಾಲು ನೋಡಿದ್ದು."

ವೆಂಡೆಲ್‌ಗೆ ಮಾತು ತಿಳಿಯಲಿಲ್ಲ, ಮುಖ ತಿಳಿಯಿತು. ಅವನು ಚೀಲದಿಂದ ನನ್ನನ್ನು ತೆಗೆದು ಕೊಟ್ಟು, ತುಟಿಯ ಮೇಲೆ ಬೆರಳಿಟ್ಟ. ಸಂಜೀವ ನನ್ನನ್ನು ತಿರುವಿ ನೋಡಿದ. ಒಂದು ಪಟ್ಟಿ ಹರಿದಿತ್ತು. ಬಲೆ ಹೊಲಿಯುವ ನೈಲಾನ್ ದಾರ ಅವನ ಪೆಟ್ಟಿಗೆಯಲ್ಲೇ ಇತ್ತು. ಬಲೆಗೆ ಹಾಕುವ ಗಂಟನ್ನೇ ಹಾಕಿ ಹೊಲಿದ. ಆ ಹೊಲಿಗೆ ಇಂದಿಗೂ ಬಿಚ್ಚಿಲ್ಲ. ಸಾಬೂನಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿದ. ಐರಾ ಬಿಟ್ಟರೆ ನನ್ನನ್ನು ನೆರಳಲ್ಲಿ ಒಣಗಿಸಿದವನು ಅವನೊಬ್ಬನೇ.

ಅವರಿಬ್ಬರ ನಡುವೆ ಮುರುಕು ಇಂಗ್ಲಿಷಿನಲ್ಲಿ ಸ್ನೇಹ ಬೆಳೆಯಿತು. ವೆಂಡೆಲ್ ಅವನನ್ನು ಸ್ಯಾನ್ ಎಂದ. ಅವನು ವೆಂಡೆಲ್‌ನನ್ನು ಬಾಸ್ ಎಂದ. ಪ್ರತಿ ಪಂದ್ಯದ ಮುಂಚೆ ಕಾಲು ತಿಕ್ಕಿ ಮುಗಿದ ಮೇಲೆ ವೆಂಡೆಲ್ ಕೇಳುತ್ತಿದ್ದ: "ಹೇಗಿದೆ ಸ್ಯಾನ್?" ಸಂಜೀವ ಮಂಡಿಗೆ ಎರಡು ಸಲ ತಟ್ಟಿ, "ಫಸ್ಟ್ ಕ್ಲಾಸ್!" ಎನ್ನುತ್ತಿದ್ದ. ಅಮೆರಿಕದವನಿಗೆ ಆ ಮಾತು ಹಿಡಿಸಿಬಿಟ್ಟಿತು. ಮೊದಲ ಸಲ ಹೇಳಿದ ದಿನ ಅವನು ಮೂವತ್ತೊಂದು ಅಂಕ ಹೊಡೆದ. ಆಮೇಲೆ ಅದು ಕಟ್ಟಳೆಯಾಯಿತು. ಒಂದು ದಿನ ಸಂಜೀವನಿಗೆ ಜ್ವರ. ವೆಂಡೆಲ್ ವ್ಯಾನು ಹೊರಡಲು ಬಿಡದೆ, ಅವನ ಕೋಣೆಗೆ ಹೋಗಿ, ಎಬ್ಬಿಸಿ, ಮಂಡಿ ತಟ್ಟಿಸಿಕೊಂಡು ಬಂದ.

ಇದು ನನಗೆ ಆಗಲೇ ಸರಿ ಕಂಡಿರಲಿಲ್ಲ. ಕಾಲು ಹೇಗಿದೆ ಎಂಬುದು ಪ್ರಶ್ನೆ. ಪ್ರಶ್ನೆಗೆ ಉತ್ತರ ಇರಬೇಕು. ದಿನಾ ಅದೇ ಉತ್ತರ ಕೊಟ್ಟರೆ ಅದು ದೇವರ ಮುಂದೆ ಗಂಟೆ ಬಾರಿಸಿದಂತೆ. ಸದ್ದು ಬರುತ್ತದೆ, ಸುದ್ದಿ ಬರುವುದಿಲ್ಲ. ಆದರೆ ನನಗೆ ಬಾಯಿ ಎಲ್ಲಿಯದು? ಕೀಲು ಕಿರ್ ಎಂದಿತು. ಸಂಜೀವ ಅದಕ್ಕೆ ಎರಡು ತೊಟ್ಟು ಎಣ್ಣೆ ಬಿಟ್ಟ.

ಫೆಬ್ರವರಿಯ ಹೊತ್ತಿಗೆ ತಂಡ ಫೈನಲ್ ಮುಟ್ಟಿತು. ವೆಂಡೆಲ್‌ನ ಏಜೆಂಟ್ ಸುದ್ದಿ ತಂದ: ಟರ್ಕಿಯ ಮೊದಲ ದರ್ಜೆಯ ಕ್ಲಬ್ಬಿನವನು ಫೈನಲ್ ನೋಡಲು ಬರುತ್ತಾನೆ. ಅದು ಅವನು ಏಳು ವರ್ಷ ಕಾದ ಬಾಗಿಲು. ಅಲ್ಲಿ ಎರಡು ವರ್ಷ ಆಡಿದರೆ, ಅವನ ಹೆಸರು ಅವನ ಊರಿನಲ್ಲೂ ಯಾರಾದರೂ ಓದುವ ಕಡೆ ಬರುತ್ತದೆ. ಮೂವತ್ತು ಸಮೀಪಿಸಿದವನಿಗೆ ಇನ್ನೊಮ್ಮೆ ಇಂಥವನು ಬರುವುದಿಲ್ಲ. ಇದು ಎಲ್ಲರಿಗೂ ಗೊತ್ತಿತ್ತು. ಅವನು ಅಂದಿನಿಂದ ನಿದ್ದೆಯಲ್ಲೂ ಎಡಗಾಲನ್ನು ಕೈಯಲ್ಲಿ ಹಿಡಿದು ಮಲಗುತ್ತಿದ್ದ.

ಫೈನಲ್ಲಿಗೆ ಮೂರು ದಿನ ಇರುವಾಗ ಮೌಲಾಸಾಬ ವ್ಯಾನು ನಿಲ್ಲಿಸಿ ಒಳಗೆ ಬಂದ. ಮುಖ ಬಿಗಿದಿತ್ತು.

"ಸಂಜೀವಣ್ಣಾ, ಇನ್ನೊಂದು ತೆಂಗಿನ ಗಿಡಾ ಇಳಿಸಿ ಬಂದೇನಿ."

"ಎಂತದು?"

"ಇನ್ನೊಬ್ಬ ಅಮೆರಿಕಾದಾಂವ. ಹೊಟೆಲ್ನಾಗ ಇಟ್ಟಾರ. ಯಾರಿಗೂ ಹೇಳಬ್ಯಾಡ ಅಂದಾನ ಮ್ಯಾನೇಜರ್. ನಿನಗ ಹೇಳಿಲ್ಲ ನಾ."

ಇದು ಆ ಕಸುಬಿನ ರೀತಿ. ಒಬ್ಬ ಇನ್ನೂ ಆಡುತ್ತಿರುವಾಗಲೇ ಅವನ ಜಾಗಕ್ಕೆ ಇನ್ನೊಬ್ಬನನ್ನು ತಂದು ಹೋಟೆಲಿನಲ್ಲಿ ಇಟ್ಟಿರುತ್ತಾರೆ. ಕಾಯುವವನು ಟೀವಿ ನೋಡುತ್ತಾನೆ, ಆಡುವವನು ಬಾಗಿಲು ನೋಡುತ್ತಾನೆ. ಅದೇ ಸಂಜೆ ಮ್ಯಾನೇಜರ್ ಸಂಜೀವನನ್ನು ಕರೆದು ನಯವಾಗಿ ಹೇಳಿದ: "ಟಿಬ್ಸ್‌ನ ಕಾಲಿನ ವಿಷಯ ನಿನಗೆ ಗೊತ್ತಿರುವಷ್ಟು ಡಾಕ್ಟರಿಗೆ ಗೊತ್ತಿಲ್ಲ. ಫೈನಲ್ ದಿನ ಮಧ್ಯಾಹ್ನ ಹನ್ನೆರಡರ ತನಕ ನಾನು ಹೆಸರು ಬದಲಿಸಬಹುದು. ಏನಾದರೂ ಇದ್ದರೆ ಹೇಳು."

ಫೈನಲ್ ದಿನ ಬೆಳಿಗ್ಗೆ ಹತ್ತಕ್ಕೆ ವೆಂಡೆಲ್ ಮೇಜಿನ ಮೇಲೆ ಮಲಗಿದ. ನಾನು ಪಕ್ಕದ ಕುರ್ಚಿಯ ಮೇಲಿದ್ದೆ. ಸಂಜೀವ ತೊಡೆಯಿಂದ ಶುರು ಮಾಡಿ ಕೆಳಗೆ ಬಂದ. ಮಂಡಿಚಿಪ್ಪಿನ ಮೇಲ್ಗಡೆ ಅವನ ಹೆಬ್ಬೆರಳು ನಿಂತಿತು. ಒತ್ತಿದ. ಬಿಟ್ಟ. ಮತ್ತೆ ಒತ್ತಿದ. ಒಳಗೆ ನೀರು ತುಂಬಿತ್ತು. ಹಿಂದಿನ ದಿನದ ಅಭ್ಯಾಸದಲ್ಲೇ ನನಗೆ ಅದು ತಿಳಿದಿತ್ತು. ನನ್ನ ಪಟ್ಟಿಗಳು ದಿನದ ಜಾಗಕ್ಕೆ ಬಂದು ಅಂಟಿರಲಿಲ್ಲ. ನೀರು ತುಂಬಿದ ಮಂಡಿ ಎಂದರೆ ಒಳಗೆ ಏನೋ ಆಗಲೇ ಬಿಟ್ಟುಕೊಂಡಿದೆ ಎಂದರ್ಥ. ಇದು ಸಂಜೀವನಿಗೆ ಗೊತ್ತಿಲ್ಲದ್ದಲ್ಲ.

ವೆಂಡೆಲ್ ಚಾವಣಿ ನೋಡುತ್ತಿದ್ದ. "ಹೇಗಿದೆ ಸ್ಯಾನ್?"

ಸಂಜೀವ ಎರಡು ಸಲ ತಟ್ಟಿದ. "ಫಸ್ಟ್ ಕ್ಲಾಸ್."

ಅಷ್ಟಕ್ಕೆ ದಿನವೂ ವೆಂಡೆಲ್ ಎದ್ದು ಹೋಗುತ್ತಿದ್ದ. ಅಂದು ಏಳಲಿಲ್ಲ. ಮೊಣಕೈ ಊರಿ ತಲೆ ಎತ್ತಿ ಸಂಜೀವನ ಮುಖ ನೋಡಿದ. "ನಿಜ ಹೇಳು. ಹೇಗಿದೆ?"

ಆ ಕೋಣೆಯಲ್ಲಿ ಗೋಡೆ ಗಡಿಯಾರವೊಂದಿತ್ತು. ಸಂಜೀವ ಅದರತ್ತ ಒಮ್ಮೆ ನೋಡಿದ.

"ಫಸ್ಟ್ ಕ್ಲಾಸ್, ಬಾಸ್," ಎಂದ ಸಂಜೀವ.

ವೆಂಡೆಲ್ ನನ್ನನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದಿದ್ದ. ಆಮೇಲೆ ಚೀಲಕ್ಕೆ ಹಾಕಿ ಹೋದ. ಚೀಲ ಸಂಜೀವನ ಬಳಿಯೇ ಉಳಿಯಿತು. ಮೌಲಾಸಾಬ ಚಹಾ ಹಿಡಿದು ಒಳಗೆ ಬಂದ.

"ಯಾಕೋ, ಮಾರಿ ಸಪ್ಪಗಾಗೇತಿ?"

"ಎಂತ ಇಲ್ಲ."

"ಕಾಲು?"

"ಕಾಲು ಉಂಟು."

"ಉಂಟು ಅಂದ್ರ ಏನ್ ತಿಳೀಬೇಕು ನಾ? ನಿಮ್ ಮಂಗಳೂರಾಗ ಸತ್ತಾಂವನೂ ಉಂಟು, ಬದುಕಿದಾಂವನೂ ಉಂಟು."

ಸಂಜೀವ ನಗಲಿಲ್ಲ. "ನೀರು ಬಂದಿದೆ ಸಾಬ್ರೆ."

ಮೌಲಾಸಾಬ ಚಹಾ ಕೆಳಗಿಟ್ಟ. "ಮ್ಯಾನೇಜರ್‌ಗ ಹೇಳಬ್ಯಾಡ. ಅಂವಗ ಹೇಳು. ಅಂವನ ಕಾಲು ಅದು."

"ಹೇಳಿದ್ರೆ ಇವ ಹೆದರ್ತಾನೆ. ಹೆದರಿದ್ರೆ ಆಟ ಕೆಡ್ತದೆ. ಆ ಟರ್ಕಿಯವ ಒಂದೇ ದಿನ ಬರುದು ಮಾರಾಯ್ರೆ. ಏಳು ವರ್ಷ ಕಾದಿದ್ದಾನೆ ಇವ. ಇವತ್ತೊಂದು ದಿನ ನಿಂತ್ರೆ ಸಾಕು."

"ನಿಲ್ಲದಿದ್ರ?"

"ನಿಲ್ತದೆ."

"ಅದನ್ನ ಹೆಬ್ಬಟ್ಟ ಹೇಳಾಕತ್ತೈತೋ, ಬಾಯಿ ಹೇಳಾಕತ್ತೈತೋ?"

ಸಂಜೀವ ಎಣ್ಣೆ ಬಾಟಲಿಗಳನ್ನು ಒರೆಸಿ ಜೋಡಿಸುತ್ತ ಉಳಿದ. ಗಡಿಯಾರ ಹನ್ನೆರಡು ಹೊಡೆಯಿತು.

ಪಂದ್ಯವನ್ನು ನಾನು ನೋಡಲಿಲ್ಲ. ಬೆಂಚಿನ ಕೆಳಗೆ ಚೀಲದಲ್ಲಿದ್ದೆ. ಚೆಂಡಿನ ಸದ್ದು, ಬೂಟಿನ ಕೀಚಲು, ತಮಟೆಯಂಥ ಏನೋ ಬಡಿತ. ಅವನ ಹೆಸರನ್ನು ಅರಬ್ಬಿ ನಾಲಿಗೆಯಲ್ಲಿ ಸಾವಿರ ಜನ ಕೂಗುತ್ತಿದ್ದರು. ಚೆನ್ನಾಗಿ ಆಡುತ್ತಿದ್ದನಂತೆ. ಮೂರನೆಯ ಭಾಗದವರೆಗೆ ಇಪ್ಪತ್ತನಾಲ್ಕು ಅಂಕ. ಟರ್ಕಿಯವನು ಪುಸ್ತಕ ತೆಗೆದು ಏನೋ ಬರೆದುಕೊಂಡನಂತೆ. ಆಮೇಲೆ ಯಾರೂ ತಳ್ಳಲಿಲ್ಲ, ಯಾರೂ ಅಡ್ಡ ಬರಲಿಲ್ಲ. ಒಬ್ಬನೇ ಓಡಿ, ಒಬ್ಬನೇ ಹಾರಿ, ಒಬ್ಬನೇ ಇಳಿದ.

ಮಂಡಿ ಹರಿದ ಸದ್ದು ನನಗೆ ಕೇಳಲಿಲ್ಲ. ಕೇಳಿದ್ದು, ಹಿಡಿಯುವವರಿಲ್ಲದೆ ಚೆಂಡು ತನ್ನಷ್ಟಕ್ಕೆ ಪುಟಿಯುತ್ತ ದೂರ ಹೋದ ಸದ್ದು. ಆಮೇಲೆ ಸಾವಿರ ಜನ ಒಟ್ಟಿಗೆ ಸುಮ್ಮನಾದದ್ದು.

ಚೀಲದೊಳಗೆ ಒಂದು ಕೈ ಬಂತು. ಸಂಜೀವನ ಕೈ. ಆ ವರ್ಷ ಪಂದ್ಯದ ದಿನ ನನ್ನನ್ನು ಕಟ್ಟಿದ್ದು ಅದೊಂದೇ ಸಲ. ಕಾಯುವುದಕ್ಕೆ ಏನೂ ಉಳಿದಿರಲಿಲ್ಲ; ಸ್ಟ್ರೆಚರ್ ಅಲುಗುವಾಗ ಕಾಲು ಹೊರಳದಿರಲಿ ಎಂದು ಕಟ್ಟಿದ. ವೆಂಡೆಲ್ ಕೂಗಲಿಲ್ಲ. ಟವೆಲ್ ಕಚ್ಚಿಕೊಂಡು, ಟರ್ಕಿಯವನು ಕೂತಿದ್ದ ಕಡೆ ಒಂದು ಸಲ ನೋಡಿದ. ಆ ಕುರ್ಚಿ ಖಾಲಿಯಾಗಿತ್ತು.

ಆಸ್ಪತ್ರೆಯಲ್ಲಿ ಮೂರು ಲಿಗಮೆಂಟ್ ಹರಿದಿವೆ ಎಂದರು. ಇನ್ನು ನಡೆಯಬಹುದು, ಆಡುವುದು ಆಗದು ಎಂದರು. ಹೋಟೆಲಿನಲ್ಲಿದ್ದವನು ಮುಂದಿನ ವಾರ ವೆಂಡೆಲ್‌ನ ಕೋಣೆಗೆ ಬಂದ. ಅವನೂ ಕಾಲ ಕೆಳಗೆ ಕುರ್ಚಿ ಇಟ್ಟುಕೊಂಡನಂತೆ. ವೆಂಡೆಲ್ ಹೊರಡುವ ದಿನ ಮೌಲಾಸಾಬ ವ್ಯಾನಿನ ಮುಂದಿನ ಸೀಟನ್ನೇ ಬಿಚ್ಚಿ ತೆಗೆದು, ಕಾಲು ಚಾಚಲು ಜಾಗ ಮಾಡಿದ್ದ. ಆಸ್ಪತ್ರೆಯವರು ಹೊಸ ಕಟ್ಟು ಕೊಟ್ಟಿದ್ದರು, ತೊಡೆಯಿಂದ ಪಾದದವರೆಗೆ. ವಿಮಾನ ನಿಲ್ದಾಣದಲ್ಲಿ ಗಾಲಿಕುರ್ಚಿಯಲ್ಲಿ ಕೂತ ವೆಂಡೆಲ್ ನನ್ನನ್ನು ಸಂಜೀವನ ಕೈಗಿಟ್ಟ.

"ಇದು ನಿನ್ನದೇ ಹೊಲಿಗೆ. ನೀನೇ ಇಟ್ಟುಕೋ. ನಾನು ಏಳು ದೇಶ ತಿರುಗಿದೆ ಸ್ಯಾನ್. ಈ ಕಾಲನ್ನು ಕಾಲು ಎಂದು ನೋಡಿದವನು ನೀನೊಬ್ಬನೇ."

ಸಂಜೀವ ಬಾಯಿ ತೆರೆದ. ವಿಮಾನ ನಿಲ್ದಾಣದ ಹುಡುಗಿ ಗಾಲಿಕುರ್ಚಿ ತಳ್ಳಿಕೊಂಡು ಹೋದಳು.

ಎರಡು ವರ್ಷಕ್ಕೆ ಸಂಜೀವ ಊರಿಗೆ ಮರಳಿದ. ಸುರತ್ಕಲ್ ಪೇಟೆಯ ಔಷಧಿ ಅಂಗಡಿಯ ಹಿಂದೆ ಒಂದು ಕೋಣೆ ಹಿಡಿದ. ಒಂದು ಮೇಜು, ನಾಲ್ಕು ಬಾಟಲಿ ಎಣ್ಣೆ, ಗೋಡೆಯ ಮೊಳೆಗೆ ನಾನು. ಬಂದವರಿಗೆ ಕೆಲವೊಮ್ಮೆ ನನ್ನನ್ನು ಕೊಡುತ್ತಿದ್ದ. ಯಾರ ಕಾಲಿಗೂ ನಾನು ಸರಿಹೊಂದಲಿಲ್ಲ. ಒಬ್ಬ ಬಸ್ ಕಂಡಕ್ಟರ್ ಒಳಗೆ ಹೆಗಲ ಮೇಲಿನ ಬೈರಾಸು ಸುತ್ತಿ ಕಟ್ಟಿಕೊಂಡ. ಕಾಟಿಪಳ್ಳ ತಲುಪುವುದರೊಳಗೆ ಜಾರಿ ಪಾದಕ್ಕೆ ಬಂದೆ. ಮರುದಿನ ತಂದು, "ಇದು ಆನೆಗೆ ಮಾಡಿದ್ದಾ ಸಂಜೀವಣ್ಣ?" ಎಂದು ಮೊಳೆಗೆ ಸಿಕ್ಕಿಸಿ ಹೋದ.

ಕೋಣೆಗೆ ಮೊದಮೊದಲು ಜನ ಇದ್ದರು. ಆಮೇಲೆ ಕಡಿಮೆಯಾದರು. ಕಾರಣ ಸಂಜೀವನೇ. ಯತೀಶ ಎಂಬ ವಾಲಿಬಾಲ್ ಆಟಗಾರ ಬಂದದ್ದು ನನಗೆ ನೆನಪಿದೆ. ಮಂಡಿ ಊದಿತ್ತು. ಸಂಜೀವ ಹೆಬ್ಬೆರಳಿಟ್ಟು ನೋಡಿದ.

"ನೀರು ಉಂಟು. ಆಡ್ಬೇಡ."

"ನಾಳೆ ಸೆಮಿಫೈನಲ್ ಮಾರಾಯ್ರೆ. ಒಂದು ಎಣ್ಣೆ ಹಚ್ಚಿಬಿಡಿ, ಸಾಕು."

"ಎಣ್ಣೆ ಹಚ್ತೇನೆ. ಆಡ್ಬೇಡ."

"ಆ ಸಂಜೀವಣ್ಣನತ್ರ ಹೋಗ್ಬೇಡ, ಅವರಿಗೆ 'ಆಡ್ಬೇಡ ಸಂಜೀವಣ್ಣ' ಅಂತಲೇ ಹೆಸರು ಅಂತ ಎಲ್ಲ ಹೇಳಿದ್ರು. ನಾನೇ ಕೇಳ್ಲಿಲ್ಲ. ನಿಮ್ಮ ಬಾಯಲ್ಲಿ ಬೇರೆ ಮಾತು ಬರುದಿಲ್ವಾ?"

"ಬರ್ತಿತ್ತು," ಎಂದ ಸಂಜೀವ. "ಒಳ್ಳೆ ಇಂಗ್ಲಿಷ್ ಮಾತು."

ಯತೀಶ ಬೈದುಕೊಂಡು ಹೋದ. ಆಡಿದ. ಗೆದ್ದ. ಕಾಲಿಗೆ ಏನೂ ಆಗಲಿಲ್ಲ. ಪೇಟೆಯವರಿಗೆ ನಗಲು ಅಷ್ಟು ಸಾಕಾಯಿತು. ಸಂಜೀವ ಮಾತ್ರ ಮುಂದಿನವನಿಗೂ ಅದನ್ನೇ ಹೇಳಿದ. ತಡವಾಗಿ ಕಲಿತವರು ಹೀಗೆಯೇ. ಬೇಕಾದಲ್ಲಿ ಹೇಳದ ಮಾತನ್ನು ಬೇಡದಲ್ಲೂ ಹೇಳುತ್ತಾರೆ.

ವೆಂಡೆಲ್ ವರ್ಷಕ್ಕೊಮ್ಮೆ ಕ್ರಿಸ್‌ಮಸ್ ದಿನ ಫೋನ್ ಮಾಡುತ್ತಿದ್ದ. ಅವನ ಕಡೆ ಬೆಳಿಗ್ಗೆ, ಇಲ್ಲಿ ಸಂಜೆ. ಟೈರು ಗೋದಾಮಿನಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದೆ ಎಂದ. ಶಾಲೆಯೊಂದರಲ್ಲಿ ವಾರಕ್ಕೆ ಮೂರು ದಿನ ಹುಡುಗಿಯರಿಗೆ ಆಟ ಕಲಿಸುತ್ತೇನೆ ಎಂದ. ಕುಂಟುತ್ತ ತೋರಿಸುವುದನ್ನು ಅವರು ಕುಂಟುತ್ತಲೇ ಕಲಿಯುತ್ತಾರೆ ಎಂದು ನಕ್ಕ. ಕೊನೆಗೆ ಪ್ರತಿ ಸಲ ಒಂದೇ ಮಾತು: "ನೀನೊಬ್ಬನೇ ನನ್ನನ್ನು ನೋಡಿಕೊಂಡದ್ದು ಸ್ಯಾನ್." ಫೋನ್ ಇಟ್ಟ ಮೇಲೆ ಸಂಜೀವ ದೀಪ ಹಾಕದೆ ಬಹಳ ಹೊತ್ತು ಕೂರುತ್ತಿದ್ದ.

ಮೂರನೆಯ ವರ್ಷ ವೆಂಡೆಲ್ ಆ ಮಾತು ಹೇಳಲು ಶುರು ಮಾಡಿದಾಗ ಸಂಜೀವ ತಡೆದ.

"ಬಾಸ್, ಆ ಬೆಳಿಗ್ಗೆ ನಿನ್ನ ಮಂಡಿಯಲ್ಲಿ ನೀರಿತ್ತು. ನನ್ನ ಕೈಗೆ ಸಿಕ್ಕಿತ್ತು. ಗೊತ್ತಿದ್ದೇ ಹೇಳಲಿಲ್ಲ."

ಆ ಕಡೆ ಪಾತ್ರೆಗಳ ಸದ್ದು. ಯಾರೋ ಹೆಂಗಸು ನಗುತ್ತಿದ್ದಳು.

"ಎಷ್ಟಿತ್ತು?" ಎಂದ ವೆಂಡೆಲ್.

"ಬಹಳ."

"ನಾನು ಕೇಳಿದೆನಲ್ಲ."

"ಕೇಳಿದೆ."

"ನೀನು ಹೇಳಬೇಕಿತ್ತು ಸ್ಯಾನ್."

"ಹೌದು."

ವೆಂಡೆಲ್ ಬೈಯಲಿಲ್ಲ. ಪರವಾಗಿಲ್ಲ ಎಂದೂ ಹೇಳಲಿಲ್ಲ. ತಾಯಿ ತಿಂಡಿಗೆ ಕರೆಯುತ್ತಿದ್ದಾಳೆ ಎಂದು ಫೋನ್ ಇಟ್ಟ. ಮರುವರ್ಷ ಕ್ರಿಸ್‌ಮಸ್ಸಿಗೆ ಸಂಜೀವ ಕೋಣೆ ಮುಚ್ಚದೆ ಕತ್ತಲಾಗುವವರೆಗೆ ಕೂತ. ಫೋನ್ ಬರಲಿಲ್ಲ. ತಾನೇ ಮಾಡಲು ಎರಡು ಸಲ ಕೈಗೆತ್ತಿಕೊಂಡು ಕೆಳಗಿಟ್ಟ.

ಜನವರಿಯಲ್ಲಿ ಕೋಣೆ ಬಿಟ್ಟ. ಬಾಡಿಗೆ ಹುಟ್ಟುತ್ತಿರಲಿಲ್ಲ. ಈಗ ತಮ್ಮನ ಮಂಜುಗಡ್ಡೆ ಕಾರ್ಖಾನೆಯಲ್ಲಿ ಇದ್ದಾನೆ. ಖಾಲಿ ಮಾಡುವ ದಿನ ನನ್ನನ್ನು ಮೊಳೆಯಿಂದ ತೆಗೆದು, ಒಂದೊಂದು ಪಟ್ಟಿಯನ್ನೂ ಬಿಚ್ಚಿ ಮತ್ತೆ ಅಂಟಿಸಿ, ಬಾಗಿಲ ಹೊರಗಿನ ಗೋಣಿಚೀಲದ ಮೇಲಿಟ್ಟ. ಗುಜರಿಯವನು ಸಂಜೆ ಬಂದು ಎತ್ತಿಕೊಂಡು ಹೋದ. ಈಗ ನಾನು ಪಕ್ಕದೂರು ಕುಳಾಯಿಯ ಗುಜರಿ ರಾಶಿಯಲ್ಲಿದ್ದೇನೆ. ಪಕ್ಕದಲ್ಲಿ ಒಂದು ಮುರಿದ ಫ್ಯಾನು, ಮೇಲೆ ಯಾರದೋ ಸೈಕಲ್ಲಿನ ಸೀಟು. ಸರಳು ಕಿತ್ತು ಅಲ್ಯೂಮಿನಿಯಂ ರಾಶಿಗೆ ಹಾಕುತ್ತಾರೆ, ಬಟ್ಟೆ ಏನಾಗುತ್ತದೋ ಗೊತ್ತಿಲ್ಲ. ದುಃಖವಿಲ್ಲ. ನನ್ನಂಥವು ಹೀಗೆಯೇ ಮುಗಿಯುವುದು.

ಒಂದು ವಿಷಯ ಮಾತ್ರ ಕೊರೆಯುತ್ತದೆ. ಸಂಜೀವ ತನಗೆ ತಾನೇ ಹೇಳಿಕೊಳ್ಳುವುದನ್ನು ಆ ಕೋಣೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ: "ಹೇಳಿದ್ರೂ ಅವ ಆಡ್ತಿದ್ದ. ಹಟದ ಜನ ಅದು." ಹಾಗೆಂದುಕೊಂಡರೆ ಅವನಿಗೆ ನಿದ್ದೆ ಬರುತ್ತದೆ, ಬರಲಿ. ಕಟ್ಟು ಕಟ್ಟಿಕೊಂಡು ಆಡಿದ್ದರೆ ಟರ್ಕಿಯವನು ಕೊಳ್ಳುತ್ತಿರಲಿಲ್ಲ, ಅದೂ ನಿಜ. ವೆಂಡೆಲ್ ಇನ್ನೂ ನಾಲ್ಕು ವರ್ಷ ಹೆಸರಿಲ್ಲದ ಊರುಗಳಲ್ಲಿ ಆಡಿ, ಸದ್ದಿಲ್ಲದೆ ಮನೆಗೆ ಹೋಗುತ್ತಿದ್ದ. ಎರಡು ಕಾಲಲ್ಲಿ ಹೋಗುತ್ತಿದ್ದ, ಅಷ್ಟೇ.

ಆದರೆ ಏಳು ವರ್ಷ ಆ ಕಾಲಿನ ಜೊತೆ ಇದ್ದದ್ದು ನಾನು. ಅವನ ಹಟ ನನಗೆ ಗೊತ್ತು, ಹೆದರಿಕೆಯೂ ಗೊತ್ತು. ಅಂದು ಅವನು ಎರಡು ಸಲ ಕೇಳಿದ. ಆಡಿಯೇ ತೀರುತ್ತೇನೆ ಎಂದು ಗಟ್ಟಿ ಮಾಡಿಕೊಂಡವನು ಎರಡನೆಯ ಸಲ ಕೇಳುವುದಿಲ್ಲ.